‘ಸುರಕ್ಷಿತವಾಗಿಡಿ’ ಎಂದರೆ ಏನು ಮಾಡಬೇಕು?

ಪಿಂಚಣಿ ಪಡೆಯುವ ಅಜ್ಜಿಯೊಬ್ಬರನ್ನು ಊಹಿಸಿಕೊಳ್ಳಬಹುದು. ಬ್ಯಾಂಕಿನವರು ಅವರಿಗೆ ಎಟಿಎಂ ಕಾರ್ಡು ಕೊಟ್ಟರು, ಜತೆಗೆ ನಾಲ್ಕು ಅಂಕಿಗಳ ಒಂದು ಸಂಖ್ಯೆ. ಕೌಂಟರಿನಲ್ಲಿದ್ದ ಹುಡುಗ ಒಳ್ಳೆಯವನು. ‘ಅಜ್ಜೀ, ಈ ನಂಬರನ್ನು ಸುರಕ್ಷಿತವಾಗಿ ಇಟ್ಟುಕೊಳ್ಳಿ’ ಎಂದು ಎರಡು ಸಲ ಹೇಳಿ ಕಳಿಸಿದ. ಅಜ್ಜಿ ಮನೆಗೆ ಬಂದವರೇ ಮೊಮ್ಮಗನನ್ನು ಕೂರಿಸಿಕೊಂಡು ಆ ನಂಬರನ್ನು ಕಾರ್ಡಿನ ಕಾಗದದ ಚೀಲದ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿದರು. ಕಾರ್ಡನ್ನು ಅದರೊಳಗಿಟ್ಟು, ಚೀಲವನ್ನು ಪಾಸ್‌ಬುಕ್ಕಿನ ನಡುವೆ ಸೇರಿಸಿ, ದಾರ ಸುತ್ತಿ, ಕಬ್ಬಿಣದ ಪೆಟ್ಟಿಗೆಯಲ್ಲಿ ಮದುವೆ ಸೀರೆಯ ಅಡಿಯಲ್ಲಿ ಇಟ್ಟರು. ಎರಡು ನುಸಿಗುಳಿಗೆಯನ್ನೂ ಹಾಕಿದರು. ತಿಂಗಳ ಮೊದಲ ವಾರ ಹಣ ತೆಗೆಯಲು ಹೋದಾಗ ಯಂತ್ರದ ಮುಂದಿದ್ದ ಅಪರಿಚಿತನೊಬ್ಬ ‘ಕೊಡಿ ಅಜ್ಜಿ, ನಾನು ತೆಗೆದುಕೊಡ್ತೀನಿ’ ಎಂದ. ಅಜ್ಜಿ ಕಟ್ಟನ್ನು ಬಿಚ್ಚಿ ಇಡಿಯಾಗಿ ಅವನ ಕೈಗಿತ್ತರು. ವಾಪಸು ಬಂದದ್ದು ಬೇರೆ ಯಾರದೋ ಕಾರ್ಡು.

ಇಂಥ ಪ್ರಸಂಗ ನಡೆದಾಗಲೆಲ್ಲ ಬ್ಯಾಂಕಿನ ಒಳಗೆ ಕೇಳಿಬರುವ ಮಾತು ಹೆಚ್ಚುಕಡಿಮೆ ಒಂದೇ.

‘ಸುರಕ್ಷಿತವಾಗಿ ಇಟ್ಕೊಳ್ಳಿ ಅಂತ ಹೇಳಿದ್ದೆವಲ್ಲ ಅಜ್ಜಿ?’

‘ಇಟ್ಟಿದ್ನಲ್ಲಪ್ಪಾ! ಪೆಟ್ಟಿಗೇಲಿ, ನುಸಿಗುಳಿಗೆ ಹಾಕಿ ಇಟ್ಟಿದ್ದೆ.’

ಇಬ್ಬರ ಮಾತಿನಲ್ಲೂ ಸುಳ್ಳಿಲ್ಲ. ಹುಡುಗ ಹೇಳಿದ್ದು ಯಾರಿಗೂ ತಿಳಿಯದಂತೆ ಇಡಬೇಕೆಂದು. ಅಜ್ಜಿ ಕೇಳಿಸಿಕೊಂಡದ್ದು ಕಳೆದುಹೋಗದಂತೆ, ಹಾಳಾಗದಂತೆ ಇಡಬೇಕೆಂದು. ಒಂದೇ ಪದ ಎರಡು ಕೆಲಸಗಳನ್ನು ಹೊತ್ತುಕೊಂಡು ಹೋಗಿ ತಪ್ಪು ಮನೆಯಲ್ಲಿ ಇಳಿಸಿತು. ಈ ಎರಡು ಕೆಲಸಗಳಿಗೆ ಕನ್ನಡದಲ್ಲಿ ಎರಡು ಬೇರೆ ಬೇರೆ ಮಾತುಗಳಿವೆ. ಅವು ಅಜ್ಜಿಗೂ ಗೊತ್ತು, ಹುಡುಗನಿಗೂ ಗೊತ್ತು. ‘ಪಾಸ್‌ಬುಕ್ಕನ್ನು ಜೋಪಾನ ಮಾಡಿ, ನಂಬರನ್ನು ಬಚ್ಚಿಡಿ’ ಎಂದಿದ್ದರೆ ಕೆಲಸ ಆಗುತ್ತಿತ್ತು. ಆದರೆ ಕಚೇರಿಯ ಕನ್ನಡಕ್ಕೆ ಜೋಪಾನವೂ ಬಚ್ಚಿಡುವುದೂ ಮನೆಮಾತುಗಳಾಗಿ ಕಾಣುತ್ತವೆ. ಅಲ್ಲಿ ಎಲ್ಲಕ್ಕೂ ‘ಸುರಕ್ಷಿತ’ ಒಂದೇ.

ಕಾಪಾಡುವ ಕೆಲಸಕ್ಕೆ ಕನ್ನಡದಲ್ಲಿರುವ ಪದಗಳನ್ನು ಒಂದೊಂದಾಗಿ ಎತ್ತಿ ನೋಡಿದರೆ, ಅವು ಒಂದೇ ಅರ್ಥದ ಪರ್ಯಾಯ ಪದಗಳಲ್ಲವೆಂಬುದು ತಿಳಿಯುತ್ತದೆ. ಪ್ರತಿಯೊಂದು ಪದವೂ ಯಾವುದೋ ಒಂದು ಅಪಾಯವನ್ನು ಕಣ್ಣೆದುರು ಇಟ್ಟುಕೊಂಡಿದೆ.

ಮೊದಲನೆಯದು ‘ಕಾಯು’. ಇದು ದ್ರಾವಿಡ ಭಾಷೆಗಳಿಗೆಲ್ಲ ಸೇರಿದ ಹಳೆಯ ಧಾತು. ತಮಿಳಿನಲ್ಲಿ ‘ಕಾ’, ತೆಲುಗಿನಲ್ಲಿ ‘ಕಾಚು’, ‘ಕಾಪಾಡು’. ಕನ್ನಡದ ಕಾಪು, ಕಾವಲು, ಕಾಪಾಡು, ಕಾಪಿಡು ಎಲ್ಲವೂ ಇದರ ಮಕ್ಕಳು. ‘ಬಸ್ಸಿಗೆ ಕಾಯುತ್ತಿದ್ದೇನೆ’ ಎನ್ನುವಾಗಲೂ ‘ಹೊಲ ಕಾಯುತ್ತಿದ್ದೇನೆ’ ಎನ್ನುವಾಗಲೂ ಬಳಸುವುದು ಒಂದೇ ಕ್ರಿಯಾಪದ. ಕಾಯುವುದು ಎಂದರೆ ಎದ್ದು ಕೂತು ನಿರೀಕ್ಷಿಸುವುದು. ಜೋಳದ ಹೊಲದ ಅಟ್ಟಣೆಯ ಮೇಲೆ ಕವಣೆ ಹಿಡಿದು ಕೂತವನು ಹಕ್ಕಿಗೂ ಕಾಯುತ್ತಾನೆ, ಬೆಳೆಯನ್ನೂ ಕಾಯುತ್ತಾನೆ. ಇಲ್ಲಿ ಪೆಟ್ಟಿಗೆ ಬೀಗಗಳ ಮಾತಿಲ್ಲ, ಕಣ್ಣು ಬಿಟ್ಟುಕೊಂಡಿರುವ ಒಬ್ಬ ಮನುಷ್ಯ ಬೇಕು. ‘ಬೇಲಿಯೇ ಎದ್ದು ಹೊಲ ಮೇಯ್ದಂತೆ’ ಎಂಬ ಗಾದೆಯ ಹಿಂದಿರುವ ಭಯವೂ ಇದೇ. ಕಾಯಬೇಕಾದವರೇ ಕಳ್ಳರಾದರೆ ಬೇರೆ ಯಾವ ಉಪಾಯವೂ ಉಳಿಯುವುದಿಲ್ಲ. ‘ನೀರು ಕಾಯಿತು’ ಎನ್ನುವಾಗಿನ ಬಿಸಿಯ ‘ಕಾಯ್’ ಬೇರೆ ಧಾತು ಎಂದು ನಿಘಂಟುಕಾರರು ಬಿಡಿಸಿ ಇಟ್ಟಿದ್ದಾರೆ. ದೋಸೆಯ ‘ಕಾವಲಿ’ ಹುಟ್ಟಿದ್ದು ಆ ಬಿಸಿಯ ಮನೆಯಲ್ಲಿ. ಆದರೂ ಮೊಟ್ಟೆಯ ಮೇಲೆ ಕಾವಿಗೆ ಕೂತ ಕೋಳಿಯನ್ನು ನೋಡಿದವರಿಗೆ ಎರಡು ಅರ್ಥಗಳೂ ಒಂದೇ ಗೂಡಿನಲ್ಲಿ ಕೂತಂತೆ ಕಂಡರೆ ಆಶ್ಚರ್ಯವಿಲ್ಲ.

ದನ ಮೇಯಿಸುವುದಕ್ಕೂ ಕನ್ನಡಿಗರು ಹೇಳುವುದು ‘ದನ ಕಾಯುವುದು’ ಎಂದೇ. ಅದರಿಂದ ನೆಲಕ್ಕೂ ಆ ಹೆಸರು ಬಂತು. ಹುಲ್ಲು ಮತ್ತು ಕಾವಲು ಸೇರಿ ‘ಹುಲ್ಲುಗಾವಲು’ ಆಯಿತು. ಮೈಸೂರು ಸೀಮೆಯಲ್ಲಿ ಅಮೃತಮಹಲ್ ದನಗಳಿಗಾಗಿ ಅರಸರ ಕಾಲದಿಂದ ಮೀಸಲಿಟ್ಟ ನೆಲಗಳಿಗೆ ಇಂದಿಗೂ ‘ಅಮೃತಮಹಲ್ ಕಾವಲು’ ಎಂದೇ ಹೆಸರು. ಚಿತ್ರದುರ್ಗ, ಚಿಕ್ಕಮಗಳೂರು, ಹಾಸನ, ತುಮಕೂರು ಜಿಲ್ಲೆಗಳ ಕಂದಾಯದ ದಾಖಲೆಗಳಲ್ಲಿ ಈ ಪದ ಮತ್ತೆ ಮತ್ತೆ ಬರುತ್ತದೆ. ಬೆಂಗಳೂರಿನ ಕಾವಲ್ ಭೈರಸಂದ್ರದ ಹೆಸರಿನಲ್ಲೂ ಅದು ಉಳಿದಿದೆ.

ಸಂಸ್ಕೃತದಲ್ಲೂ ಹೀಗೇ ಆಗಿದೆ ಎಂಬುದು ಕುತೂಹಲದ ಸಂಗತಿ. ‘ಗುಪ್ತ’ ಎಂದರೆ ಈಗ ಗುಟ್ಟಾದದ್ದು, ಮರೆಯಾದದ್ದು. ಆದರೆ ಅದರ ಮೊದಲ ಅರ್ಥ ಕಾಪಾಡಲ್ಪಟ್ಟದ್ದು. ‘ಗುಪ್’ ಎಂಬ ಆ ಧಾತು ‘ಗೋಪ’, ಅಂದರೆ ದನ ಕಾಯುವವನು ಎಂಬ ಪದದಿಂದಲೇ ಹುಟ್ಟಿಕೊಂಡಿತೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ದನ ಕಾಯುವುದರಿಂದ ಶುರುವಾದ ಮಾತು ಕಾಪಾಡುವುದಕ್ಕೆ ಬಂದು, ಅಲ್ಲಿಂದ ಮುಚ್ಚಿಡುವುದಕ್ಕೆ ಜಾರಿತು. ಇಂದು ಬ್ಯಾಂಕುಗಳು ಕಳಿಸುವ ಸಂದೇಶಗಳಲ್ಲಿರುವ ‘ಗೌಪ್ಯ’ ಅದೇ ವಂಶದ ಕುಡಿ. ಅರ್ಥದ ದೃಷ್ಟಿಯಿಂದ ‘ಗೌಪ್ಯವಾಗಿಡಿ’ ಎನ್ನುವುದು ‘ಸುರಕ್ಷಿತವಾಗಿಡಿ’ ಎನ್ನುವುದಕ್ಕಿಂತ ಸರಿ. ಆದರೆ ಕಬ್ಬಿಣದ ಪೆಟ್ಟಿಗೆಯ ಅಜ್ಜಿಗೆ ಅದು ಕಬ್ಬಿಣದ ಕಡಲೆ.

ಎರಡನೆಯ ಗುಂಪು ಜೋಪಾನ, ಜತನ, ಜೋಕೆಗಳದು. ‘ಜತನ’ ಸಂಸ್ಕೃತದ ‘ಯತ್ನ’ದ ತದ್ಭವ. ಪ್ರಯತ್ನಪಟ್ಟು, ಮೈಮರೆಯದೆ ಮಾಡುವ ಪಾಲನೆ ಎಂಬ ಅರ್ಥ ಅದಕ್ಕೆ ಬಂದದ್ದು ಸಹಜವಾಗಿಯೇ ಇದೆ. ಜೋಪಾನಕ್ಕೆ ನೆರೆಯ ಮರಾಠಿಯಲ್ಲಿ ‘ಜೋಪಾಸನಾ’ ಎಂಬ ಮಾತಿದೆ, ಅಲ್ಲಿ ಅದರ ಅರ್ಥ ಸಾಕಿ ಬೆಳೆಸುವುದು. ಈ ಪದಗಳ ಕಣ್ಣೆದುರು ಇರುವ ಅಪಾಯ ಕಳ್ಳನಲ್ಲ. ಒಡೆಯುವುದು, ಹರಿಯುವುದು, ಕೆಡುವುದು, ನಲುಗುವುದು. ಗಾಜಿನ ಲೋಟ, ಹಸುಗೂಸು, ಬಾಣಂತಿ, ಹಳೆಯ ಫೋಟೋ, ಜಮೀನಿನ ಕಾಗದಪತ್ರ ಇವುಗಳನ್ನು ಜೋಪಾನ ಮಾಡಬೇಕು. ಬಾಣಂತಿಯನ್ನು ‘ಸುರಕ್ಷಿತವಾಗಿ ನೋಡಿಕೊಂಡರು’ ಎಂದರೆ ಕೋಣೆಯ ಬಾಗಿಲಿಗೆ ಪೊಲೀಸರನ್ನು ನಿಲ್ಲಿಸಿದಂತೆ ಕೇಳಿಸುತ್ತದೆ. ‘ಜೋಪಾನವಾಗಿ ನೋಡಿಕೊಂಡರು’ ಎಂದಾಗ ಬಿಸಿನೀರು, ಸಾರು, ನಿದ್ದೆಗೆಟ್ಟ ತಾಯಿ ಎಲ್ಲವೂ ಅದರೊಳಗೆ ಬರುತ್ತವೆ.

ರೈತರ ಮನೆಯಲ್ಲಿ ಜೋಪಾನದ ಮೊದಲ ಹಕ್ಕು ಬಿತ್ತನೆ ಬೀಜದ್ದು. ಬೂದಿಯಲ್ಲಿ ಬೆರೆಸಿ, ಬೇವಿನ ಎಲೆ ಹಾಕಿ, ಒಣಗಿದ ಸೋರೆ ಬುರುಡೆಯಲ್ಲೋ ಮಡಕೆಯಲ್ಲೋ ತುಂಬಿ ಬಾಯಿಗೆ ಸಗಣಿ ಮೆತ್ತುತ್ತಿದ್ದರು. ತೊಗರಿಗೆ ಕೆಮ್ಮಣ್ಣು ಕಟ್ಟುತ್ತಿದ್ದರು. ಊಟಕ್ಕೆ ತೆಗೆದಿಟ್ಟ ಕಾಳಿಗೆ ಬೇರೆಯೇ ವ್ಯವಸ್ಥೆ. ಒಂದೊಂದು ಸೀಮೆಗೆ ಒಂದೊಂದು ಸಾಧನ, ಒಂದೊಂದಕ್ಕೂ ಅದರದೇ ಹೆಸರು: ಸಗಣಿ ಸಾರಿಸಿದ ಬಿದಿರಿನ ಕಣಜ, ಮಣ್ಣಿನ ವಾಡೆ, ಮಲೆನಾಡಿನ ಮರದ ಪತ್ತಾಯ, ಕರಾವಳಿಯ ಹುಲ್ಲಿನ ಮುಡಿ. ಬಯಲುಸೀಮೆಯಲ್ಲಿ ನೆಲದೊಳಗೆ ತೋಡಿದ ಹಗೇವು. ಹಗೇವಿನಲ್ಲಿ ರಾಗಿ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ಅದರ ಬಾಯಿ ತೆರೆದ ಕೂಡಲೇ ಮಾತ್ರ ಯಾರೂ ಒಳಗಿಳಿಯುತ್ತಿರಲಿಲ್ಲ. ಒಳಗೆ ಕಟ್ಟಿಕೊಂಡ ಕೆಟ್ಟ ಗಾಳಿ ಹೊರಗೆ ಹೋಗಲಿ ಎಂದು ಬಿಟ್ಟು ಕಾಯುತ್ತಿದ್ದರು. ಅವಸರಪಟ್ಟು ಇಳಿದರೆ ಉಸಿರುಕಟ್ಟಿ ಸಾಯುವ ಅಪಾಯವಿತ್ತು. ಕಾಳಿಗೆ ಕ್ಷೇಮವಾದ ಜಾಗ ಮನುಷ್ಯನಿಗೆ ಕ್ಷೇಮವಾಗಿರಬೇಕೆಂದಿಲ್ಲ.

ಮೂರನೆಯದು ‘ಭದ್ರ’. ಸಂಸ್ಕೃತದಲ್ಲಿ ಭದ್ರ ಎಂದರೆ ಶುಭ, ಮಂಗಳ. ಕನ್ನಡಕ್ಕೆ ಬಂದಮೇಲೆ ಅದು ಗಟ್ಟಿ, ಬಿಗಿ ಎಂಬ ಅರ್ಥ ಹಿಡಿಯಿತು. ‘ಬಾಗಿಲು ಭದ್ರ ಮಾಡು’, ‘ಕಂಬಿ ಭದ್ರವಾಗಿ ಹಿಡಿದುಕೋ’ ಎನ್ನುವಾಗ ಇರುವುದು ಈ ಬಿಗಿಯೇ. ಪಾರಸಿಯಿಂದ ಬಂದ ‘ಬಂದೋಬಸ್ತು’ ಕೂಡ ಮೂಲದಲ್ಲಿ ಕಟ್ಟುವುದು, ಬಿಗಿಯುವುದು ಎಂಬ ಜೋಡಿ ಮಾತೇ. ಹಾಗೆಯೇ ‘ರಕ್ಷೆ’ ಹೋದಲ್ಲೆಲ್ಲ ಒಂದು ಹೊದಿಕೆಯನ್ನು ಹೊತ್ತುಕೊಂಡು ಹೋಗುತ್ತದೆ. ಪುಸ್ತಕಕ್ಕೆ ರಕ್ಷಾಪುಟ, ಕಾಲಿಗೆ ಪಾದರಕ್ಷೆ, ಮಗುವಿನ ಹಣೆಗೆ ಇಡುವ ಬೂದಿಯೂ ರಕ್ಷೆಯೇ. ಪಾದವನ್ನು ರಕ್ಷಿಸಲೆಂದು ಹುಟ್ಟಿದ ಪಾದರಕ್ಷೆಯನ್ನು ದೇವಸ್ಥಾನದ ಹೊರಗೆ ಬಿಟ್ಟಾಗ ಅದನ್ನೇ ಕಾಯಲು ಇನ್ನೊಬ್ಬರು ಬೇಕಾಗುತ್ತಾರೆ. ‘ತ್ರಾಣ’ದ ಕಥೆ ಇನ್ನೂ ಸ್ವಾರಸ್ಯ. ಸಂಸ್ಕೃತದಲ್ಲಿ ಅದು ರಕ್ಷಣೆ, ‘ಶಿರಸ್ತ್ರಾಣ’ದಲ್ಲಿ ಆ ಅರ್ಥ ಹಾಗೇ ಇದೆ. ಆಡುಮಾತಿನಲ್ಲಿ ‘ಏಳೋಕೂ ತ್ರಾಣ ಇಲ್ಲ’ ಎಂದರೆ ಮೈಯಲ್ಲಿ ಕಸುವಿಲ್ಲ ಎಂದರ್ಥ. ರಕ್ಷಣೆ ಹೊರಗಿನಿಂದ ಬರುವುದಲ್ಲ, ಒಳಗಿನ ಶಕ್ತಿ ಎಂದು ಕನ್ನಡಿಗರು ತೀರ್ಮಾನಿಸಿದಂತಿದೆ.

ಕನ್ನಡದ ನಿಜವಾದ ಸೂಕ್ಷ್ಮ ಕಾಣುವುದು ‘ಇಡು’ ಎಂಬ ಎರಡಕ್ಷರದ ಕ್ರಿಯಾಪದದಲ್ಲಿ. ಅದರ ಹಿಂದೆ ಯಾವ ಮಾತು ಬರುತ್ತದೆ ಎಂಬುದರ ಮೇಲೆ ಕೆಲಸವೇ ಬದಲಾಗುತ್ತದೆ. ದೀಪಾವಳಿ ಮುಗಿದ ಮೇಲೆ ಹಿತ್ತಾಳೆ ದೀಪಗಳನ್ನು ಎತ್ತಿಡುತ್ತಾರೆ. ಇನ್ನು ಸದ್ಯಕ್ಕೆ ಬೇಡ ಎಂದು. ತಡವಾಗಿ ಬರುವ ಅಪ್ಪನಿಗೆ ಊಟ ತೆಗೆದಿಡುತ್ತಾರೆ. ಅದು ಅವರ ಪಾಲು, ಬೇರೆಯವರು ಮುಟ್ಟುವಂತಿಲ್ಲ. ಮಗಳ ಮದುವೆಗೆಂದು ಹಣ ಕೂಡಿಡುತ್ತಾರೆ, ಇಲ್ಲಿ ಸ್ವಲ್ಪ ಸ್ವಲ್ಪವಾಗಿ ಸೇರಿಸುವ ಶ್ರಮ ಮುಖ್ಯ. ತಿರುಪತಿಗೆಂದು ಹರಕೆಯ ಕಾಸನ್ನು ಅರಿಸಿನ ಬಟ್ಟೆಯಲ್ಲಿ ಕಟ್ಟಿ ಮುಡಿಪಿಡುತ್ತಾರೆ, ಮನೆಯಲ್ಲಿದ್ದರೂ ಅದು ಮನೆಯವರದಲ್ಲ. ಕಷ್ಟ ಬಂದರೆ ಒಡವೆಯನ್ನು ಅಡವಿಡುತ್ತಾರೆ, ತಮ್ಮದಾದರೂ ಅದು ತಮ್ಮ ಬಳಿ ಇಲ್ಲ. ಮುಂದಿನ ತಲೆಮಾರಿಗೆ ಸೇರಬೇಕಾದ್ದನ್ನು ಕಾಪಿಡುತ್ತಾರೆ. ಇವುಗಳಲ್ಲಿ ಯಾವುದರ ಜಾಗದಲ್ಲೂ ಇನ್ನೊಂದನ್ನು ಹಾಕಲಾಗದು. ‘ಅಪ್ಪನಿಗೆ ಊಟ ಬಚ್ಚಿಟ್ಟಿದ್ದೇನೆ’ ಎಂದರೆ ಆ ಮನೆಯಲ್ಲಿ ಏನೋ ಜಗಳ ನಡೆದಿದೆ ಎಂದು ತಿಳಿಯಬೇಕು.

‘ಬಚ್ಚಿಡು’ ಹಳಗನ್ನಡದ ‘ಬಯ್ಚು’ ಎಂಬ ಪದದ ಕುಡಿ. ಇದರ ಕಣ್ಣೆದುರು ಇರುವ ಅಪಾಯ ಇನ್ನೊಬ್ಬರ ಕಣ್ಣೇ. ಈ ಪದಕ್ಕೆ ಸ್ವಲ್ಪ ಕೆಟ್ಟ ಹೆಸರೂ ಇದೆ. ದಾನದ ಹಿರಿಮೆ ಹೇಳುವವರೆಲ್ಲ ಬಚ್ಚಿಡುವವರನ್ನು ಬೈದೇ ಬೈಯುತ್ತಾರೆ. ಆದರೆ ಅಡುಗೆಮನೆಯ ಸಾಸಿವೆ ಡಬ್ಬಿಗೆ ಆ ಬೈಗುಳ ಸಲ್ಲದು. ದಿನದ ಖರ್ಚಿನಲ್ಲಿ ಉಳಿದ ಚಿಲ್ಲರೆ, ತವರಿನವರು ಕೈಗಿತ್ತ ನೋಟು, ಹಾಲು ಮಾರಿದ ದುಡ್ಡಿನಲ್ಲಿ ಒಂದು ಪಾಲು ಇವೆಲ್ಲ ಆ ಡಬ್ಬಿಗೆ, ಅಡಕಲ ಗಡಿಗೆಗೆ, ಸೆರಗಿನ ಗಂಟಿಗೆ ಸೇರುತ್ತಿದ್ದವು. ಮಗುವಿಗೆ ಜ್ವರ ಬಂದ ರಾತ್ರಿ ಹೊರಬರುತ್ತಿದ್ದದ್ದು ಅದೇ ಹಣ. 2016ರ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿಯ ನೋಟುಗಳು ರದ್ದಾದವೆಂದು ಸರಕಾರ ಪ್ರಕಟಿಸಿದಾಗ ಎಷ್ಟೋ ಮನೆಗಳ ಹೆಂಗಸರು ಈ ಗುಟ್ಟನ್ನು ತಾವೇ ಬಿಚ್ಚಬೇಕಾಗಿ ಬಂತು. ವರ್ಷಗಟ್ಟಲೆ ಬಚ್ಚಿಟ್ಟದ್ದನ್ನು ಗಂಡಂದಿರ ಕೈಯಲ್ಲಿ ಕೊಟ್ಟು ಬ್ಯಾಂಕಿನ ಸಾಲಿಗೆ ಕಳಿಸಬೇಕಾಯಿತು. ನೋಟುಗಳು ಕಳುವಾಗಿರಲಿಲ್ಲ, ಹರಿದಿರಲಿಲ್ಲ. ಕಾಪಾಡಿದ್ದ ಮರೆಯೇ ಹೋಗಿತ್ತು. ಹಣ ಬ್ಯಾಂಕಿನಿಂದ ಮರಳಿ ಬಂದರೂ ಡಬ್ಬಿಯ ಗುಟ್ಟು ಮರಳಿ ಬರಲಿಲ್ಲ.

ತನ್ನಲ್ಲಿ ಇಟ್ಟುಕೊಳ್ಳುವುದು ಒಂದಾದರೆ, ಇನ್ನೊಬ್ಬರನ್ನು ನಂಬಿ ಅವರಲ್ಲಿ ಇಡುವುದು ಇನ್ನೊಂದು. ಬ್ಯಾಂಕಿನ ‘ಠೇವಣಿ’ ಬಂದದ್ದು ಮರಾಠಿಯಿಂದ. ‘ಠೇವಣೆ’ ಎಂದರೆ ಅಲ್ಲಿ ಇಡುವುದು ಎಂದಷ್ಟೇ ಅರ್ಥ. ನಂಬಿ ಇಟ್ಟದ್ದರ ವಿಚಾರವಾಗಿ ಹಿಂದಿನವರು ಬಹಳ ಎಚ್ಚರದಿಂದ ಪದಗಳನ್ನು ಬೇರ್ಪಡಿಸಿದ್ದರು. ಎಣಿಸಿ ತೋರಿಸಿ ಕೊಟ್ಟದ್ದು ನಿಕ್ಷೇಪ. ಒಳಗೆ ಏನಿದೆಯೆಂದು ಹೇಳದೆ, ಮುದ್ರೆ ಹಾಕಿದ ಪೆಟ್ಟಿಗೆಯನ್ನು ಕೊಟ್ಟರೆ ಅದು ಉಪನಿಧಿ. ಕೊಂಡೊಯ್ದಾಗ ಹೇಗಿತ್ತೋ ಹಾಗೆಯೇ ಅದನ್ನು ಹಿಂದಿರುಗಿಸಬೇಕು. ಯಾಜ್ಞವಲ್ಕ್ಯ ಸ್ಮೃತಿಯ ಈ ಭಾಗಕ್ಕೆ ವಿವರಣೆ ಬರೆದವನು ಕನ್ನಡನಾಡಿನ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದ ಅವನ ‘ಮಿತಾಕ್ಷರಾ’ ಮುಂದೆ ಬ್ರಿಟಿಷರ ನ್ಯಾಯಾಲಯಗಳಲ್ಲೂ ಪ್ರಮಾಣವಾಯಿತು. ಕೌಟಿಲ್ಯನ ಅರ್ಥಶಾಸ್ತ್ರದಲ್ಲೂ ಉಪನಿಧಿಗೆಂದೇ ಒಂದು ಅಧ್ಯಾಯವಿದೆ. ಆ ಗ್ರಂಥವೂ ಕಾಪಿಟ್ಟ ಒಂದು ತಾಳೆಗರಿಯ ಕಟ್ಟಿನಿಂದಲೇ ಸಿಕ್ಕಿದ್ದು. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ 1905ರಲ್ಲಿ ಆರ್. ಶಾಮಶಾಸ್ತ್ರಿಗಳು ಅದನ್ನು ಗುರುತಿಸಿದರು, 1909ರಲ್ಲಿ ಅಚ್ಚು ಹಾಕಿಸಿದರು.

ಇಂದಿನ ಬ್ಯಾಂಕ್ ಲಾಕರು ಹಳೆಯ ಉಪನಿಧಿಯ ಹೊಸ ರೂಪ. ಒಳಗೆ ಏನಿದೆ ಎಂದು ಬ್ಯಾಂಕಿಗೆ ಗೊತ್ತಿರುವುದಿಲ್ಲ. ಹಾಗಾದರೆ ಕಳೆದರೆ ಹೊಣೆ ಯಾರದು ಎಂಬ ಪ್ರಶ್ನೆ ಬಹಳ ಕಾಲ ಹಾಗೇ ಉಳಿದಿತ್ತು. 2021ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕು ಸೂಚನೆ ಹೊರಡಿಸಿ, ಬೆಂಕಿ, ಕಳವು, ಕಟ್ಟಡ ಕುಸಿತ ಅಥವಾ ನೌಕರರ ವಂಚನೆಯಿಂದ ನಷ್ಟವಾದರೆ ಲಾಕರಿನ ವಾರ್ಷಿಕ ಬಾಡಿಗೆಯ ನೂರು ಪಟ್ಟಿನವರೆಗೆ ಬ್ಯಾಂಕಿನ ಹೊಣೆ ಎಂದು ಗೊತ್ತುಮಾಡಿತು. ಬಾಡಿಗೆ 2000 ರೂಪಾಯಿಯಾದರೆ ಹೊಣೆಯ ಮಿತಿ 2 ಲಕ್ಷ, ಒಳಗೆ ಅಜ್ಜಿಯ ಕಾಸಿನಸರ ಇದ್ದರೂ ಅಷ್ಟೇ. ಲಾಕರಿಗೆ ‘ಭದ್ರತಾ ಕಪಾಟು’ ಎಂಬ ಹೆಸರು ಸರಿಯಾಗಿಯೇ ಇದೆ. ಅಲ್ಲಿರುವುದು ಬಿಗಿಯಾದ ಬಾಗಿಲು. ಅದನ್ನು ಜೋಪಾನವೆಂದು ತಿಳಿದರೆ ತಪ್ಪು ನಿರೀಕ್ಷೆ ಹುಟ್ಟುತ್ತದೆ.

ಬಚ್ಚಿಡುವುದಕ್ಕೂ ಕಾಪಿಡುವುದಕ್ಕೂ ಇರುವ ಅಂತರ ತಿಳಿಯಬೇಕಾದರೆ ಮೂಡುಬಿದಿರೆಗೆ ಹೋಗಬೇಕು. ಧವಲಾ, ಜಯಧವಲಾ, ಮಹಾಧವಲಾ ಎಂಬ ಜೈನ ಸಿದ್ಧಾಂತ ಗ್ರಂಥಗಳ ತಾಳೆಯೋಲೆಗಳು ಶತಮಾನಗಳ ಕಾಲ ಉಳಿದದ್ದು ಅಲ್ಲಿನ ಬಸದಿಯಲ್ಲಿ. ಭಾಷೆ ಹೆಚ್ಚಾಗಿ ಪ್ರಾಕೃತ, ಲಿಪಿ ಹಳೆಯ ಕನ್ನಡ. ಯಾತ್ರಿಕರಿಗೆ ಅವುಗಳ ದರ್ಶನ ಸಿಗುತ್ತಿತ್ತು, ಓದಲು ಸಿಗುತ್ತಿರಲಿಲ್ಲ. ಅಷ್ಟು ಬಿಗಿಯಾಗಿ ಇಟ್ಟಿದ್ದರಿಂದಲೇ ಅವು ಉಳಿದವು ಎಂಬುದು ನಿಜ. ಆದರೆ ಓಲೆ ಎಷ್ಟಾದರೂ ಎಲೆ. ಅದಕ್ಕೆ ಹುಳವಿದೆ, ಮಳೆಗಾಲದ ತೇವವಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅವನ್ನು ಪ್ರತಿಮಾಡುವ ಕೆಲಸ ಶುರುವಾಯಿತು. 1939ರಿಂದ ಧವಲಾ ಸಂಪುಟಗಳು ಅಚ್ಚಾಗಿ ಹೊರಬಂದವು. ಒಂದೇ ಊರಿನ ಒಂದೇ ಪೆಟ್ಟಿಗೆಯಲ್ಲಿದ್ದದ್ದು ನೂರಾರು ಕಪಾಟುಗಳಿಗೆ ಹಂಚಿಹೋಯಿತು. ಒಡವೆಯನ್ನು ಕಾಪಿಡಲು ಬೀಗ ಬೇಕು. ವಿದ್ಯೆಯನ್ನು ಕಾಪಿಡಲು ಬೀಗ ತೆಗೆಯಬೇಕು.

ಪದಗಳನ್ನು ಬೇರ್ಪಡಿಸಿ ಬಳಸಿದರೆ ಕಚೇರಿಯ ಕನ್ನಡಕ್ಕೂ ಎಷ್ಟು ಲಾಭವಾಗುತ್ತದೆ ಎಂಬುದಕ್ಕೆ ಎರಡು ಕಾಯ್ದೆಗಳ ಹೆಸರು ಸಾಕ್ಷಿ. 2006ರದು ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ. 2013ರದು ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ. ಒಂದು, ತಿಂದದ್ದು ಮೈಗೆ ವಿಷವಾಗಬಾರದು ಎನ್ನುತ್ತದೆ. ಇನ್ನೊಂದು, ತಿನ್ನಲು ಏನೂ ಇಲ್ಲದಂತಾಗಬಾರದು ಎನ್ನುತ್ತದೆ. ಪಡಿತರದ ಅಂಗಡಿ ಎರಡನೆಯದಕ್ಕೆ ಸೇರಿದ್ದು, ಹೋಟೆಲಿನ ಅಡುಗೆಮನೆಯ ತಪಾಸಣೆ ಮೊದಲನೆಯದಕ್ಕೆ. ಪತ್ರಿಕೆಗಳಲ್ಲಿ ಎಷ್ಟೋ ಸಲ ಇವು ಅದಲುಬದಲಾಗುತ್ತವೆ. ಹುಳು ಹಿಡಿದ ಅಕ್ಕಿಯನ್ನು ಹಂಚಿದರೆ ಭದ್ರತೆ ಇದ್ದೂ ಸುರಕ್ಷತೆ ಇಲ್ಲ ಎಂದು ಒಂದೇ ವಾಕ್ಯದಲ್ಲಿ ಹೇಳಬಹುದು. ಎರಡಕ್ಕೂ ಒಂದೇ ಪದವಿದ್ದರೆ ಆ ದೂರನ್ನು ಬರೆಯುವುದೇ ಕಷ್ಟ.

ಹಾಗೆಯೇ ‘ಜಾಗ್ರತೆ’ ಮತ್ತು ‘ಜಾಗೃತಿ’. ಎರಡೂ ಎಚ್ಚರವಾಗಿರುವುದಕ್ಕೆ ಸಂಬಂಧಪಟ್ಟವು. ಜಾಗ್ರತೆ ಎಂದರೆ ಮುಂಜಾಗರೂಕತೆ, ಜಾಗೃತಿ ಎಂದರೆ ತಿಳಿವಳಿಕೆ ಮೂಡುವುದು. ‘ಜಾಗೃತಿಯಿಂದ ರಸ್ತೆ ದಾಟಿ’ ಎಂಬ ಫಲಕ ತಪ್ಪು, ‘ಜಾಗ್ರತೆಯಿಂದ’ ಎಂದಿರಬೇಕು. ಹಳೆಯ ಮೈಸೂರಿನ ಕಡೆ ‘ಜಾಗ್ರತೆ ಬಾ’ ಎಂದರೆ ಬೇಗ ಬಾ ಎಂದೂ ಅರ್ಥವಿತ್ತು. ರಸ್ತೆ ದಾಟುವವರಿಗೆ ಆ ಅರ್ಥ ನೆನಪಾಗದಿದ್ದರೆ ಒಳ್ಳೆಯದು. ಪಾರಸಿಯಿಂದ ಬಂದ ‘ಹುಷಾರು’ ಕೂಡ ಮೂಲದಲ್ಲಿ ಎಚ್ಚರವೇ. ಕನ್ನಡದಲ್ಲಿ ಅದು ಆರೋಗ್ಯವೂ ಆಯಿತು. ‘ಹುಷಾರಾಗಿ ಹೋಗು’ ಎಂದು ಕಳಿಸಿದವರೇ, ಮರುದಿನ ‘ಹುಷಾರಿದ್ದೀಯಾ?’ ಎಂದು ವಿಚಾರಿಸುತ್ತಾರೆ. ಕಾಗದ ಬರೆಯುತ್ತಿದ್ದ ಕಾಲದಲ್ಲಿ ‘ಇತ್ತ ನಾವೆಲ್ಲ ಕ್ಷೇಮ’ ಎಂದು ಶುರುಮಾಡುವುದು ರೂಢಿ. ಕ್ಷೇಮ ಎಂದರೆ ಇದ್ದದ್ದು ಇದ್ದಂತೆ ಉಳಿದಿರುವುದು. ಇಲ್ಲದ್ದು ಸಿಗುವುದು ಯೋಗ, ಸಿಕ್ಕಿದ್ದು ಉಳಿಯುವುದು ಕ್ಷೇಮ. ಎರಡೂ ಸೇರಿ ಯೋಗಕ್ಷೇಮ.

ಈಗ ಮತ್ತೆ ಬ್ಯಾಂಕಿಗೆ ಬರಬಹುದು. ಇಲ್ಲಿ ಪದದ ಪ್ರಶ್ನೆ ಬರಿಯ ಪದದ ಪ್ರಶ್ನೆಯಾಗಿ ಉಳಿಯುವುದಿಲ್ಲ. ರಿಸರ್ವ್ ಬ್ಯಾಂಕು 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆ, ಎಲೆಕ್ಟ್ರಾನಿಕ್ ವ್ಯವಹಾರದಲ್ಲಿ ಖಾತೆಯ ಹಣ ಹೋದರೆ ನಷ್ಟ ಯಾರದು ಎಂಬುದನ್ನು ವಿಂಗಡಿಸಿತು. ಬ್ಯಾಂಕಿನದೂ ಗ್ರಾಹಕರದೂ ಅಲ್ಲದ ತಪ್ಪಿನಿಂದ ಹಣ ಹೋಗಿದ್ದು, ಬ್ಯಾಂಕಿನ ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟರೆ ಗ್ರಾಹಕರಿಗೆ ಹೊಣೆಯಿಲ್ಲ. ಗುಟ್ಟಿನ ಸಂಖ್ಯೆಯನ್ನು ಇನ್ನೊಬ್ಬರಿಗೆ ತಿಳಿಸಿದಂಥ ಗ್ರಾಹಕರ ಅಜಾಗರೂಕತೆಯಿಂದ ಹೋಗಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಪೂರ್ತಿ ಗ್ರಾಹಕರದೇ. ದಾರ ಸುತ್ತಿ ನುಸಿಗುಳಿಗೆ ಹಾಕಿದ ಅಜ್ಜಿ ಈ ಲೆಕ್ಕದಲ್ಲಿ ಅಜಾಗರೂಕರು! ಅವರಷ್ಟು ಜಾಗರೂಕತೆಯಿಂದ ಆ ನಂಬರನ್ನು ಯಾರೂ ಜೋಪಾನ ಮಾಡಿರಲಾರರು. ಅವರಿಗೆ ಹೇಳಬೇಕಾದ್ದನ್ನು ಅವರ ಮಾತಿನಲ್ಲಿ ಹೇಳಿರಲಿಲ್ಲ, ಅಷ್ಟೇ.

ಸರಿಯಾಗಿ ಹೇಳುವುದು ಕಷ್ಟವಲ್ಲ ಎಂಬುದನ್ನು ಔಷಧದ ಸೀಸೆಗಳನ್ನು ನೋಡಿ ಕಲಿಯಬಹುದು. ಅವುಗಳ ಮೇಲೆ ‘ಸುರಕ್ಷಿತವಾಗಿಡಿ’ ಎಂದಷ್ಟೇ ಬರೆದು ಕೈಬಿಡುವುದಿಲ್ಲ. ತಂಪಾದ, ಒಣಗಿದ ಜಾಗದಲ್ಲಿಡಿ, ಬೆಳಕು ಬೀಳದಂತೆ ಇಡಿ, ಮಕ್ಕಳ ಕೈಗೆ ಸಿಗದಂತೆ ಇಡಿ ಎಂಬಂಥ ಸೂಚನೆಗಳಿರುತ್ತವೆ. ಒಂದೊಂದು ಮಾತಿಗೂ ಒಂದೊಂದು ಅಪಾಯ ಎದುರಿಗಿದೆ, ಕೇಳಿದವರಿಗೆ ಏನು ಮಾಡಬೇಕೆಂದು ತಿಳಿಯುತ್ತದೆ. ಬ್ಯಾಂಕಿನ ಹುಡುಗನೂ ಇದೇ ಜಾಡು ಹಿಡಿಯಬಹುದಾಗಿತ್ತು. ‘ಅಜ್ಜೀ, ಪಾಸ್‌ಬುಕ್ಕು, ಕಾರ್ಡು ಎರಡನ್ನೂ ಜೋಪಾನವಾಗಿ ಇಟ್ಕೊಳ್ಳಿ. ಈ ನಂಬರು ಮಾತ್ರ ಎಲ್ಲೂ ಬರೆದಿಡಬೇಡಿ, ಮನಸ್ಸಿನಲ್ಲಿ ಇಟ್ಕೊಳ್ಳಿ. ಯಾರು ಕೇಳಿದರೂ ಹೇಳಬೇಡಿ, ನಾನೇ ಫೋನು ಮಾಡಿ ಕೇಳಿದರೂ ಹೇಳಬೇಡಿ. ಒತ್ತುವಾಗ ಇನ್ನೊಂದು ಕೈ ಅಡ್ಡ ಹಿಡೀರಿ. ಮೋಸ ಆಯ್ತು ಅನ್ನಿಸಿದರೆ ತಡಮಾಡದೆ ಇಲ್ಲಿಗೆ ಬನ್ನಿ, ಇಲ್ಲವೇ ಮೊಮ್ಮಗನ ಕೈಲಿ 1930ಕ್ಕೆ ಫೋನು ಮಾಡಿಸಿ.’ ಇದರಲ್ಲಿ ಅಜ್ಜಿಗೆ ತಿಳಿಯದ ಒಂದು ಪದವೂ ಇಲ್ಲ. ಹೇಳಲು ಬೇಕಾಗುವುದು ಅರ್ಧ ನಿಮಿಷ.

ಅಜ್ಜಿಗೆ ಅಷ್ಟು ಹೇಳಿದರೆ ಸಾಕು. ಸಾಸಿವೆ ಡಬ್ಬಿಯ ಗುಟ್ಟನ್ನು ನಲವತ್ತು ವರ್ಷ ಮನೆಯವರಿಗೇ ಬಿಟ್ಟುಕೊಡದವರು, ನಾಲ್ಕು ಅಂಕಿಗಳನ್ನು ಬಚ್ಚಿಡಲಾರರೇ?